ನೆಟ್ ಸ್ಲೋ ಅಂದ್ರೆ ಮೊದಲು ಸ್ವಿಚ್‌ನ ವಿಳಾಸಪಟ್ಟಿ ಕೇಳಿ

"ಸರ್ವರ್ ಇಲ್ರೀ, ನಾಳೆ ಬರ್ರಿ." ನಮ್ಮ ಹಾವೇರಿ ಜಿಲ್ಲೆಯಲ್ಲಿ, ಹಾನಗಲ್ ಇರಲಿ ಶಿಗ್ಗಾಂವಿ ಇರಲಿ, ಸವಣೂರು, ಹಿರೇಕೆರೂರು ಇರಲಿ, ಈ ಮಾತು ಕೇಳದವರು ಸಿಗೋದಿಲ್ಲ. ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಪರೀಕ್ಷೆ ಫೀ ಕಟ್ಟೋಕೋ ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಒಂದು ದಿನದ ಕೂಲಿ ಬಿಟ್ಟು ಬಂದಿರ್ತಾರೆ. ಸರ್ವರ್ ಇರೋದು ಎಲ್ಲೋ ದೂರದಲ್ಲಿ. ಅದು ನಿಜವಾಗಿಯೇ ಬಿದ್ದಿರೋದೂ ಉಂಟು. ಆದರೆ ಎಷ್ಟೋ ಸಲ ಸರ್ವರ್ ಗಟ್ಟಿಯಾಗೇ ಇರ್ತದೆ, ರಸ್ತೆಯ ಫೈಬರ್ ಕೂಡ ಸರಿ ಇರ್ತದೆ. ಕೆಟ್ಟಿರೋದು ಮೇಜಿನ ಕೆಳಗೆ ಧೂಳು ತಿನ್ನುತ್ತಾ ಕೂತಿರೋ ಸ್ವಿಚ್‌ನ ನೆನಪು. ಅದನ್ನ ನೋಡಿದವರು ಯಾರೂ ಇಲ್ಲ, ಯಾಕಂದ್ರೆ ಅದರ ದೀಪ ಮಿನುಗ್ತಾ ಇರ್ತದೆ, ಮಿನುಗೋದು ಅಂದ್ರೆ ಸರಿ ಇದೆ ಅಂತ ಎಲ್ಲರ ನಂಬಿಕೆ.

ನನ್ನ ಕಾಕಾ ಈ ನಾಲ್ಕೂ ತಾಲ್ಲೂಕಿನಲ್ಲಿ ಕೇಬಲ್ ಎಳೆಯೋದು, ಸಿಸಿಟಿವಿ ಹಾಕೋದು, ಸಣ್ಣಪುಟ್ಟ ನೆಟ್‌ವರ್ಕ್ ನೋಡ್ಕೊಳ್ಳೋದು ಮಾಡ್ತಾರೆ. ಹೋದ ರಜೆಯಲ್ಲಿ ಅವರ ಬೈಕಿನ ಹಿಂದೆ ಲ್ಯಾಪ್‌ಟಾಪ್ ಬ್ಯಾಗ್ ತೊಡೆ ಮೇಲೆ ಇಟ್ಕೊಂಡು ನಾನೂ ತಿರುಗಿದೆ. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ನಮಗೆ ಮೂರನೇ ವರ್ಷಕ್ಕೆ ಬರೋದು. ಹಾಗಾಗಿ ಸೀನಿಯರ್‌ಗಳ ನೋಟ್ಸ್ ಒಂದು ಕೈಯಲ್ಲಿ, ಕಾಕಾನ ಮಾತು ಇನ್ನೊಂದು ಕೈಯಲ್ಲಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, "ಮ್ಯಾಕ್ ಅಡ್ರೆಸ್ ಫ್ಲ್ಯಾಪಿಂಗ್" ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಗೊತ್ತಿರಲಿಲ್ಲ. ಕಾಕಾ ಅದಕ್ಕೆ "ವಿಳಾಸ ಜಿಗ್ಯಾಡಾಕತ್ತೈತಿ" ಅಂತಾರೆ. ಇದಕ್ಕಿಂತ ಚೆನ್ನಾದ ಪದ ನನಗಂತೂ ಸಿಗಲಿಲ್ಲ. ಈ ಲೇಖನದಲ್ಲಿ ಅದನ್ನೇ ಬಳಸ್ತೀನಿ.

ವಾಚ್‌ಮನ್ ಲೆಕ್ಕ

ಸ್ವಿಚ್ ಅನ್ನೋದು ಹೇಗೆ ಕಲಿಯುತ್ತೆ ಅಂತ ಮೊದಲು ತಿಳ್ಕೊಳ್ಳೋಣ. ನಮ್ಮ ಹಾಸ್ಟೆಲ್‌ಗೆ ಹೊಸ ವಾಚ್‌ಮನ್ ಬಂದಿದ್ದಾನೆ ಅಂದ್ಕೊಳ್ಳಿ. ಯಾರ ರೂಮು ಎಲ್ಲಿ ಅಂತ ಅವನಿಗೆ ಯಾರೂ ಪಟ್ಟಿ ಕೊಟ್ಟಿಲ್ಲ. ಅವನು ಮಾಡೋದು ಒಂದೇ ಕೆಲಸ: ಯಾರಾದರೂ ಒಂದು ಕಾರಿಡಾರ್‌ನಿಂದ ಹೊರಗೆ ಬಂದರೆ "ಇವನು ಈ ಕಾರಿಡಾರ್‌ನವನು" ಅಂತ ಬರ್ಕೊಳ್ಳೋದು. ಆಮೇಲೆ ಅವನ ಹೆಸರಿಗೆ ಪಾರ್ಸೆಲ್ ಬಂದರೆ ಆ ಕಾರಿಡಾರ್‌ಗೆ ಕಳಿಸ್ತಾನೆ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ? ಎಲ್ಲಾ ಕಾರಿಡಾರ್‌ಗೂ ಹೋಗಿ ಕೂಗ್ತಾನೆ. ಡಂಗುರ ಸಾರಿದ ಹಾಗೆ.

ಸ್ವಿಚ್ ಕೂಡ ಇಷ್ಟೇ. ಪ್ರತಿ ನೆಟ್‌ವರ್ಕ್ ಕಾರ್ಡ್‌ಗೆ 48 ಬಿಟ್‌ನ ಒಂದು ಮ್ಯಾಕ್ ವಿಳಾಸ ಇರ್ತದೆ. ಒಂದು ಫ್ರೇಮ್ ಪೋರ್ಟ್ 3ರಿಂದ ಒಳಗೆ ಬಂತು ಅಂದ್ರೆ, ಅದನ್ನ ಕಳಿಸಿದವರ ವಿಳಾಸ ಯಾವುದು ಅಂತ ನೋಡಿ "ಈ ವಿಳಾಸ ಪೋರ್ಟ್ 3ರಲ್ಲಿದೆ" ಅಂತ ಸ್ವಿಚ್ ತನ್ನ ಪಟ್ಟಿಯಲ್ಲಿ ಬರ್ಕೊಳ್ತದೆ. ಆಮೇಲೆ ಆ ಫ್ರೇಮ್ ಯಾರಿಗೆ ಹೋಗಬೇಕೋ ಅವರ ವಿಳಾಸವನ್ನ ಪಟ್ಟಿಯಲ್ಲಿ ಹುಡುಕ್ತದೆ. ಸಿಕ್ಕರೆ ಆ ಒಂದೇ ಪೋರ್ಟ್‌ಗೆ ಕಳಿಸ್ತದೆ. ಸಿಗದಿದ್ದರೆ ಬಂದ ಪೋರ್ಟ್ ಒಂದು ಬಿಟ್ಟು ಉಳಿದ ಎಲ್ಲಾ ಪೋರ್ಟ್‌ಗೂ. ಇದೇ ಫ್ಲಡ್ಡಿಂಗ್.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಸ್ವಿಚ್ ಯಾವುದನ್ನೂ ಪರೀಕ್ಷೆ ಮಾಡೋದಿಲ್ಲ. ಕಡೆಗೆ ಎಲ್ಲಿ ಕಂಡಿತೋ ಅದೇ ನಿಜ. ಮೊದಲು ಬರೆದದ್ದನ್ನ ಹೊಡೆದುಹಾಕಿ ಹೊಸದು ಬರ್ಕೊಳ್ತದೆ, "ಅರೆ, ಈಗಷ್ಟೇ ಅಲ್ಲಿದ್ದೆಯಲ್ಲ" ಅಂತ ಕೇಳೋದಿಲ್ಲ. ಎರಡು, ಅದು ಮರೆಯುತ್ತೆ. ಒಂದು ವಿಳಾಸದಿಂದ 300 ಸೆಕೆಂಡ್, ಅಂದ್ರೆ ಐದು ನಿಮಿಷ, ಏನೂ ಬರದಿದ್ದರೆ ಆ ಸಾಲು ಅಳಿಸಿಹೋಗ್ತದೆ. ಬಹುತೇಕ ಸ್ವಿಚ್‌ಗಳಲ್ಲಿ ಕಂಪನಿಯಿಂದ ಬರುವಾಗಲೇ ಈ ಲೆಕ್ಕ ಇಟ್ಟಿರ್ತಾರೆ.

ಹಾಗಾಗಿ ಪಟ್ಟಿಗೆ ಬರೋ ರೋಗವೂ ಎರಡೇ. ಒಂದೇ ವಿಳಾಸ ಎರಡು ಕಡೆ ಕಂಡರೆ ಪಟ್ಟಿ ಜಿಗಿದಾಡ್ತದೆ. ಇರಬೇಕಾದ ವಿಳಾಸ ಪಟ್ಟಿಯಲ್ಲಿ ಇಲ್ಲದೇ ಹೋದರೆ ಎಲ್ಲಾ ಕಡೆ ಕೂಗಾಟ ಶುರು. ಹೊರಗಿನಿಂದ ನೋಡೋರಿಗೆ ಎರಡೂ "ನೆಟ್ ಸ್ಲೋ". ಎರಡಕ್ಕೂ ಔಷಧಿ ಮಾತ್ರ ಬೇರೆ ಬೇರೆ. ಸ್ವಿಚ್ ಆಫ್ ಮಾಡಿ ಆನ್ ಮಾಡೋದು ಎರಡಕ್ಕೂ ಔಷಧಿ ಅಲ್ಲ, ಅದು ಬರೀ ಪಟ್ಟಿ ಒರೆಸೋದು.

ಹಾನಗಲ್ ಕಡೆಯ ಲ್ಯಾಬು

ಹಾನಗಲ್ ತಾಲ್ಲೂಕಿನ ಒಂದು ಕಂಪ್ಯೂಟರ್ ಲ್ಯಾಬಿನಿಂದ ಫೋನ್ ಬಂತು. ಆವತ್ತು ಮಕ್ಕಳು ಆನ್‌ಲೈನ್ ಅರ್ಜಿ ತುಂಬೋಕೆ ಕೊನೆಯ ದಿನ. ಬೆಳಿಗ್ಗೆಯಿಂದ ಒಂದು ಪೇಜೂ ಓಪನ್ ಆಗಿಲ್ಲ. ಇಂಟರ್ನೆಟ್ ಕೊಡೋರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಸರಿ ಐತಿ" ಅಂದಿದ್ದಾರೆ. ಅವರು ಹೇಳಿದ್ದು ನಿಜವೇ ಆಗಿತ್ತು.

ಒಳಗೆ ಹೋಗಿ ನೋಡಿದರೆ 24 ಪೋರ್ಟ್‌ನ ಒಂದು ಮ್ಯಾನೇಜ್ಡ್ ಸ್ವಿಚ್, ಅದರ ಎಲ್ಲಾ ದೀಪಗಳೂ ಒಂದೇ ತಾಳದಲ್ಲಿ, ಒಂದೇ ವೇಗದಲ್ಲಿ ಪಟಪಟ ಮಿನುಗ್ತಾ ಇದ್ದವು. ಆರೋಗ್ಯವಾಗಿರೋ ಸ್ವಿಚ್‌ನಲ್ಲಿ ಒಬ್ಬೊಬ್ಬರ ದೀಪ ಒಂದೊಂದು ರೀತಿ ಮಿನುಗಬೇಕು. ಎಲ್ಲರೂ ಒಟ್ಟಿಗೆ ಕುಣೀತಾ ಇದ್ದರೆ ಎಲ್ಲರಿಗೂ ಒಂದೇ ಫ್ರೇಮ್ ಹೋಗ್ತಿದೆ ಅಂತ ಅರ್ಥ. ಇದು ಬರಿಗಣ್ಣಿಗೆ ಸಿಗೋ ಮೊದಲ ಸಾಕ್ಷಿ.

ನಾನು ಬ್ರೌಸರ್‌ನಲ್ಲಿ ಸ್ವಿಚ್‌ನ ಪೇಜ್ ತೆಗೆಯೋಕೆ ಹೋದೆ. ಬರಲಿಲ್ಲ. ಕಾಕಾ ನಕ್ಕು ಬ್ಯಾಗಿನಿಂದ ಕನ್ಸೋಲ್ ಕೇಬಲ್ ತೆಗೆದರು. ಬಿರುಗಾಳಿ ಎದ್ದಾಗ ಸ್ವಿಚ್‌ನ ಸ್ವಂತ ಪ್ರೊಸೆಸರ್ ಕೂಡ ಆ ಬ್ರಾಡ್‌ಕಾಸ್ಟ್ ಫ್ರೇಮ್‌ಗಳನ್ನೆಲ್ಲ ಓದ್ತಾ ಕೂತಿರ್ತದೆ, ನಮ್ಮ ಜೊತೆ ಮಾತಾಡೋಕೆ ಅದಕ್ಕೆ ಪುರುಸೊತ್ತು ಇರೋದಿಲ್ಲ. ಕನ್ಸೋಲ್ ಕೇಬಲ್ ಅನ್ನೋದು ಆ ಗದ್ದಲದ ಹೊರಗಿನ ಹಿತ್ತಿಲ ಬಾಗಿಲು. "ಶೋ ಮ್ಯಾಕ್ ಅಡ್ರೆಸ್-ಟೇಬಲ್" ಅಂತ ಕೊಟ್ಟರೆ ಪಟ್ಟಿ ಬಂತು. ಬೇರೆ ಕಂಪನಿಯ ಸ್ವಿಚ್‌ನಲ್ಲಿ ಆಜ್ಞೆಯ ಅಕ್ಷರ ಸ್ವಲ್ಪ ಬೇರೆ ಇರಬಹುದು, ಪಟ್ಟಿ ಅದೇ: ವಿಳಾಸ, ವಿಲ್ಯಾನ್, ಪೋರ್ಟ್.

"ಒಂದ ಸಲ ನೋಡಿದ್ರ ಏನೂ ತಿಳಿಯಂಗಿಲ್ಲ. ಮೂರ ಸಲ ನೋಡು," ಅಂದರು ಕಾಕಾ. ಮೂರು ಸಲ ನೋಡಿದೆ. ಮೊದಲ ಸಲ ಮೂವತ್ತು ಚಿಲ್ಲರೆ ವಿಳಾಸ ಎಲ್ಲಾ ಪೋರ್ಟ್ 5ರಲ್ಲಿ. ಎರಡನೇ ಸಲ ಅದರಲ್ಲಿ ಅರ್ಧ ಪೋರ್ಟ್ 9ರಲ್ಲಿ. ಮೂರನೇ ಸಲ ಮತ್ತೆ ಅದಲುಬದಲು. ಪೋರ್ಟ್ 3ಕ್ಕೆ ನೇರವಾಗಿ ಸಿಕ್ಕಿಸಿದ್ದ ನನ್ನ ಲ್ಯಾಪ್‌ಟಾಪ್‌ನ ವಿಳಾಸ ಕೂಡ ಪೋರ್ಟ್ 9ರಲ್ಲಿ ಇದೆ ಅಂತ ತೋರಿಸ್ತಿತ್ತು!

ಆಗ ಅವರು ಕೇಳಿದ ಪ್ರಶ್ನೆಯೇ ಈ ಲೇಖನ ಬರೆಯೋಕೆ ಕಾರಣ: "ಎಷ್ಟ ವಿಳಾಸ ಜಿಗ್ಯಾಡಾಕತ್ತಾವ? ಒಂದೋ, ಎಲ್ಲಾನೂನೋ?"

ಎಲ್ಲಾ ವಿಳಾಸಗಳೂ ಅವೇ ಎರಡು ಪೋರ್ಟ್‌ಗಳ ನಡುವೆ ಜಿಗೀತಿದ್ದರೆ ಆ ಎರಡು ಪೋರ್ಟ್‌ಗಳು ಹೊರಗೆಲ್ಲೋ ಒಂದಕ್ಕೊಂದು ಸೇರಿಕೊಂಡಿವೆ. ಅಂದ್ರೆ ಲೂಪ್. ಒಂದೇ ಒಂದು ವಿಳಾಸ ಜಿಗೀತಿದ್ದರೆ ತಪ್ಪು ಆ ಯಂತ್ರದ್ದು, ಕೇಬಲ್ ದಾರಿಯದ್ದಲ್ಲ. ಈ ಒಂದು ಪ್ರಶ್ನೆ ಗೊತ್ತಿದ್ದರೆ ಅರ್ಧ ದಿನದ ಅಲೆದಾಟ ಉಳೀತದೆ.

ಕಾಕಾ ಪೋರ್ಟ್ 9ರ ಕೇಬಲ್ ಕಿತ್ತರು. ಒಂದು ಸೆಕೆಂಡಿನಲ್ಲಿ ದೀಪಗಳ ಕುಣಿತ ನಿಂತಿತು. ಆಮೇಲೆ ಮೇಜುಗಳ ಕೆಳಗೆ ಬಗ್ಗಿ ಹುಡುಕಿದಾಗ ಕಥೆ ಸಿಕ್ಕಿತು. ಪೋರ್ಟ್ 5ರಿಂದ ಒಂದು 8 ಪೋರ್ಟ್‌ನ ಸಣ್ಣ ಸ್ವಿಚ್, ಪೋರ್ಟ್ 9ರಿಂದ ಇನ್ನೊಂದು. ಲ್ಯಾಬ್ ಗುಡಿಸಿ ಮೇಜು ಸರಿಸುವಾಗ ನೆಲದ ಮೇಲೆ ಬಿದ್ದಿದ್ದ ಒಂದು ಕೇಬಲ್ ತುದಿಯನ್ನ ಯಾರೋ ಪಾಪ "ಬಿಚ್ಚಿಹೋಗಿದೆ" ಅಂತ ಖಾಲಿ ತೂತಿಗೆ ಸಿಕ್ಕಿಸಿದ್ದರು. ಆ ಕೇಬಲ್‌ನ ಇನ್ನೊಂದು ತುದಿ ಇದ್ದದ್ದು ಎರಡನೇ ಸಣ್ಣ ಸ್ವಿಚ್‌ನಲ್ಲಿ.

ಈಗ ನನ್ನ ಲ್ಯಾಪ್‌ಟಾಪ್ ಪೋರ್ಟ್ 9ಕ್ಕೆ ಹೇಗೆ ಹೋಯ್ತು ನೋಡಿ. ಅದು ಒಂದು ಬ್ರಾಡ್‌ಕಾಸ್ಟ್ ಕಳಿಸ್ತು, "ರೂಟರ್ ಯಾರಪ್ಪಾ?" ಅಂತ. ದೊಡ್ಡ ಸ್ವಿಚ್ ಅದನ್ನ ಎಲ್ಲಾ ಪೋರ್ಟ್‌ಗೂ ಹಂಚಿತು, 5ಕ್ಕೂ 9ಕ್ಕೂ. 5ರಿಂದ ಹೋದ ಪ್ರತಿ ಮೊದಲ ಸಣ್ಣ ಸ್ವಿಚ್, ಅಲ್ಲಿಂದ ಎರಡನೇ ಸಣ್ಣ ಸ್ವಿಚ್ ದಾಟಿ 9ರಿಂದ ವಾಪಸ್ ಒಳಗೆ ಬಂತು. ಅದರ ಮೇಲೆ ಕಳಿಸಿದವರ ವಿಳಾಸ ಇನ್ನೂ ನನ್ನ ಲ್ಯಾಪ್‌ಟಾಪ್‌ದೇ. ಸ್ವಿಚ್ ಅಂದ್ಕೊಳ್ತು, "ಓ, ಇವನು ಈಗ 9ರಲ್ಲಿದ್ದಾನೆ." ಉಲ್ಟಾ ದಿಕ್ಕಿನ ಪ್ರತಿ 5ರಿಂದ ಬಂತು. "ಅಲ್ಲಲ್ಲ, 5ರಲ್ಲಿದ್ದಾನೆ." ಆಮೇಲೆ ರೂಟರ್ ನನಗೆ ಕೊಟ್ಟ ಉತ್ತರ ಪೋರ್ಟ್ 3ಕ್ಕೆ ಬರೋ ಬದಲು 9ಕ್ಕೆ ಹೋಯ್ತು. ಕೇಬಲ್ ಸರಿ, ಕಾರ್ಡ್ ಸರಿ, ರೂಟರ್ ಸರಿ, ಆದರೂ ನೆಟ್ ಸತ್ತಿದೆ.

ಮತ್ತೆ ಈ ಸುತ್ತು ತಾನಾಗೇ ನಿಲ್ಲೋದಿಲ್ಲ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಅಂತ ಒಂದು ಆಯುಷ್ಯ ಇದೆ, ಪ್ರತಿ ರೂಟರ್ ಅದರಿಂದ ಒಂದು ಕಳೀತದೆ, ಸೊನ್ನೆಯಾದರೆ ಪ್ಯಾಕೆಟ್ ಸಾಯ್ತದೆ. ಈಥರ್ನೆಟ್ ಫ್ರೇಮ್‌ಗೆ ಆಯುಷ್ಯವೇ ಬರೆದಿಲ್ಲ, ಸ್ವಿಚ್ ಐಪಿ ತನಕ ಓದೋದೂ ಇಲ್ಲ. ಒಮ್ಮೆ ಸುತ್ತಿಗೆ ಬಿದ್ದ ಬ್ರಾಡ್‌ಕಾಸ್ಟ್ ಯಾರಾದರೂ ಕೇಬಲ್ ಕೀಳೋ ತನಕ ಸುತ್ತುತ್ತಾ ಇರ್ತದೆ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಅತಿ ಸಣ್ಣ ಫ್ರೇಮ್‌ಗಳು ಸೆಕೆಂಡಿಗೆ 1,48,809 ಹಿಡೀತವೆ. (64 ಬೈಟ್ ಫ್ರೇಮ್, ಅದರ ಹಿಂದೆ ಮುಂದೆ ಇನ್ನೂ 20 ಬೈಟ್‌ನಷ್ಟು ಜಾಗ, ಒಟ್ಟು 672 ಬಿಟ್. ಭಾಗಿಸಿ ನೋಡಿ.) ಒಬ್ಬರು ಕೇಳಿದ ಒಂದು ಪ್ರಶ್ನೆ ಸೆಕೆಂಡಿಗೆ ಲಕ್ಷ ಸಲ ಲ್ಯಾಬಿನ ಪ್ರತಿ ಕಂಪ್ಯೂಟರಿನ ಕಿವಿಗೆ ಬೀಳ್ತಾ ಇದ್ದರೆ ಅದು ಬೇರೆ ಕೆಲಸ ಏನು ಮಾಡೀತು?

ಇದನ್ನ ತಡೆಯೋಕೆ ಅಂತಲೇ ಒಂದು ವಿಧಾನ ಇದೆ. 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಅನ್ನೋ ಅಲ್ಗಾರಿದಮ್ ಮಾಡಿದರು. ಅದರ ಬಗ್ಗೆ ಒಂದು ಪದ್ಯವನ್ನೂ ಬರೆದರು, ನಮ್ಮ ಸಂಘದವರಿಗೆ ಇದು ಇಷ್ಟ ಆಗಬಹುದು. ಸ್ವಿಚ್‌ಗಳು ಎರಡು ಸೆಕೆಂಡಿಗೊಮ್ಮೆ ಒಂದು ಸಣ್ಣ ಚೀಟಿ ಕಳಿಸ್ತವೆ. ತಾನು ಕಳಿಸಿದ ಚೀಟಿ ಇನ್ನೊಂದು ದಾರಿಯಿಂದ ತನಗೇ ವಾಪಸ್ ಬಂದರೆ "ಇಲ್ಲಿ ಸುತ್ತು ಇದೆ" ಅಂತ ತಿಳಿದು ಒಂದು ಪೋರ್ಟ್ ಮುಚ್ಚಿಬಿಡ್ತವೆ. ಕೇಬಲ್ ಇದ್ದರೂ ಇಲ್ಲದ ಹಾಗೆ. ಒಂದು ದಾರಿ ಕಡಿದರೆ ಮುಚ್ಚಿದ್ದನ್ನ ತೆರೀತವೆ.

ಹಾಗಾದ್ರೆ ಆ ಲ್ಯಾಬಿನಲ್ಲಿ ಯಾಕೆ ಕೆಲಸ ಮಾಡಲಿಲ್ಲ? ಯಾರೋ ಅದನ್ನ ಆಫ್ ಮಾಡಿಟ್ಟಿದ್ದರು. ಅದಕ್ಕೂ ಕಾರಣ ಇತ್ತು. ಹಳೆಯ ಸ್ಪ್ಯಾನಿಂಗ್ ಟ್ರೀ ಒಂದು ಪೋರ್ಟ್‌ಗೆ ಕೇಬಲ್ ಬಂದ ಮೇಲೆ 15 ಸೆಕೆಂಡ್ ಕೇಳಿಸ್ಕೊಂಡು, ಇನ್ನು 15 ಸೆಕೆಂಡ್ ಕಲಿತುಕೊಂಡು, ಆಮೇಲೆ ದಾರಿ ಬಿಡ್ತದೆ. ಆ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಐಪಿ ಕೇಳಿ ಕೇಳಿ ಸುಮ್ಮನಾಗಿಬಿಡ್ತದೆ. ಲ್ಯಾಬಿನಲ್ಲಿ "ಆನ್ ಮಾಡಿದ್ರೆ ನೆಟ್ ಬರ್ತಿಲ್ಲ" ಅಂತ ದೂರು. ಯಾರೋ ಹುಡುಕಿ, ಇದನ್ನ ತೆಗೆದರೆ ಬರ್ತದೆ ಅಂತ ಕಂಡುಕೊಂಡು ತೆಗೆದುಹಾಕಿದ್ದಾರೆ. ಮಾಡಬೇಕಾದ್ದು ಅದಲ್ಲ. ಕಂಪ್ಯೂಟರ್ ಇರೋ ಪೋರ್ಟ್‌ಗಳಿಗೆ ಮಾತ್ರ "ಎಡ್ಜ್ ಪೋರ್ಟ್" ಅಂತ ಗುರುತು ಹಾಕಬೇಕು, ಸಿಸ್ಕೊದವರು ಅದನ್ನೇ ಪೋರ್ಟ್‌ಫಾಸ್ಟ್ ಅಂತಾರೆ. ಆಗ ಆ ಪೋರ್ಟ್ ಕಾಯೋದಿಲ್ಲ, ಕಾವಲೂ ಉಳೀತದೆ.

ಇದು ಸಣ್ಣ ಊರಿನ ಸಣ್ಣ ಲ್ಯಾಬಿನ ರೋಗ ಅಂದ್ಕೊಬೇಡಿ. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಅನ್ನೋ ದೊಡ್ಡ ಆಸ್ಪತ್ರೆಯ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀ ಹದ ತಪ್ಪಿ ದಿನಗಟ್ಟಲೆ ಬಿದ್ದಿತ್ತು. ವರ್ಷ ವರ್ಷ ಒಂದರ ಹಿಂದೆ ಒಂದು ಸ್ವಿಚ್ ಸೇರಿಸ್ತಾ ಹೋಗಿ, ಆ ಅಲ್ಗಾರಿದಮ್ ನಿಭಾಯಿಸೋಕೆ ಆಗದಷ್ಟು ಉದ್ದದ ಸರಪಳಿ ಆಗಿತ್ತು. ಡಾಕ್ಟರು, ನರ್ಸುಗಳು ಕಾಗದ ಪೆನ್ನು ಹಿಡಿದು ಕೆಲಸ ಮಾಡಬೇಕಾಯ್ತು. ಆಸ್ಪತ್ರೆಯವರು ಅದನ್ನ ಮುಚ್ಚಿಡದೆ ಹೊರಗೆ ಹೇಳಿದ್ದರಿಂದ ಇವತ್ತಿಗೂ ನೆಟ್‌ವರ್ಕಿಂಗ್ ಕಲಿಯೋರು ಅದನ್ನ ಓದ್ತಾರೆ.

ಅಗ್ಗದ ಸಣ್ಣ ಸ್ವಿಚ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಈ ಚೀಟಿಗಳನ್ನ ಮುಂದಕ್ಕೆ ದಾಟಿಸ್ತವೆ, ಕೆಲವು ನುಂಗಿಬಿಡ್ತವೆ. ನುಂಗೋ ಜಾತಿಯದ್ದಾದರೆ ಅದರ ಹಿಂದಿನ ಸುತ್ತು ದೊಡ್ಡ ಸ್ವಿಚ್‌ಗೆ ಗೊತ್ತೇ ಆಗೋದಿಲ್ಲ. ಅದಕ್ಕೆ ಸ್ಟಾರ್ಮ್ ಕಂಟ್ರೋಲ್ ಅಂತ ಇನ್ನೊಂದು ಸೆಟ್ಟಿಂಗ್ ಇರ್ತದೆ, ಬ್ರಾಡ್‌ಕಾಸ್ಟ್ ಇಷ್ಟಕ್ಕಿಂತ ಹೆಚ್ಚಾದರೆ ಬಿಸಾಕು ಅಂತ. ಅದನ್ನೂ ಹಾಕಿ ಬಂದೆವು.

ಒಂದೇ ವಿಳಾಸ ಜಿಗಿದರೆ

ಇದು ಬೇಗ ಮುಗಿಯೋ ವಿಷಯ. ಶಿಗ್ಗಾಂವಿ ಕಡೆ ಒಂದೇ ಏರಿಯಾದ ಕೆಲವು ಮನೆಗಳಲ್ಲಿ ನೆಟ್ ಬರೋದು ಹೋಗೋದು, ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಇಲ್ಲ. ಪಟ್ಟಿಯಲ್ಲಿ ಒಂದೇ ವಿಳಾಸ, ಅದು ಎರಡಲ್ಲ, ನಾಲ್ಕು ಪೋರ್ಟ್‌ಗಳಲ್ಲಿ ಜಿಗೀತಿತ್ತು. ಉಳಿದವೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಮನೆಯ ವೈಫೈ ರೂಟರ್‌ಗಳಲ್ಲಿ "ಮ್ಯಾಕ್ ಕ್ಲೋನ್" ಅಂತ ಒಂದು ಆಯ್ಕೆ ಇರ್ತದೆ. ಒಂದು ರೂಟರ್‌ನಲ್ಲಿ ಅದನ್ನ ಒತ್ತಿ, ಆ ಸೆಟ್ಟಿಂಗ್ಸ್ ಫೈಲನ್ನೇ ಕೆಲಸ ಬೇಗ ಮುಗೀಲಿ ಅಂತ ಬೇರೆ ರೂಟರ್‌ಗಳಿಗೂ ತುಂಬಿದ್ದರು. ನಾಲ್ಕು ಮನೆಗೆ ಒಂದೇ ವಿಳಾಸ! ಅಂಚೆಯವರು ಪತ್ರ ಯಾರಿಗೆ ಕೊಡಬೇಕು?

ವರ್ಚುವಲ್ ಮೆಷಿನ್ ಕಾಪಿ ಮಾಡಿದಾಗಲೂ ಹೀಗೆ ಆಗ್ತದೆ. ನಮ್ಮ ಲ್ಯಾಬಿನಲ್ಲಿ ಒಂದೇ ಇಮೇಜನ್ನ ಎಲ್ಲರೂ ನಕಲು ಮಾಡಿಕೊಳ್ಳೋರು ಗಮನಿಸಿ. ಇನ್ನೊಂದು ಜಿಗಿತ ರೋಗವೇ ಅಲ್ಲ: ನಿಮ್ಮ ಮೊಬೈಲ್ ಹಿಡಿದು ಗ್ರೌಂಡ್ ಫ್ಲೋರ್‌ನಿಂದ ಮೇಲಿನ ಮಹಡಿಗೆ ಹೋದರೆ ಅದು ಒಂದು ವೈಫೈ ಪೆಟ್ಟಿಗೆ ಬಿಟ್ಟು ಇನ್ನೊಂದನ್ನ ಹಿಡೀತದೆ, ಸ್ವಿಚ್‌ನಲ್ಲಿ ಅದರ ಪೋರ್ಟ್ ಬದಲಾಗ್ತದೆ. ಗಂಟೆಗೆ ಒಂದೆರಡು ಸಲ ಆದರೆ ಅದು ನಡಿಗೆ. ಸೆಕೆಂಡಿಗೆ ಹತ್ತು ಸಲ ಆದರೆ ಯಾವ ಮನುಷ್ಯನೂ ಹಾಗೆ ಮೆಟ್ಟಿಲು ಹತ್ತಿ ಇಳಿಯೋದಿಲ್ಲ.

ಹಿರೇಕೆರೂರಿನ ಮೂಕ ವಿಳಾಸ

ನನಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು, ಹಾಗೇ ಹೆಚ್ಚು ಖುಷಿ ಕೊಟ್ಟದ್ದೂ ಇದೇ. ಹಿರೇಕೆರೂರು ತಾಲ್ಲೂಕಿನ ಒಂದು ಸಂಸ್ಥೆ, ರಸ್ತೆಯ ಆ ಕಡೆ ಒಂದು ಕಟ್ಟಡ, ಈ ಕಡೆ ಒಂದು. ನಡುವೆ ಕೇಬಲ್ ಇಲ್ಲ, ಮಾಳಿಗೆ ಮೇಲೆ ಎದುರುಬದುರು ಇಟ್ಟ ವೈರ್‌ಲೆಸ್ ಡಬ್ಬಿಗಳು. 16 ಕ್ಯಾಮೆರಾ, ಅವುಗಳ ರೆಕಾರ್ಡಿಂಗ್ ಕಂಪ್ಯೂಟರ್, ಎಲ್ಲಾ ದೊಡ್ಡ ಕಟ್ಟಡದಲ್ಲೇ. ದೂರು ಬಂದದ್ದು ಸಣ್ಣ ಕಟ್ಟಡದಿಂದ. ಅಲ್ಲಿ ಬಿಲ್ ಪ್ರಿಂಟ್ ಆಗೋಕೆ ಹತ್ತು ನಿಮಿಷ, ಜನ ಸಾಲಿನಲ್ಲಿ ನಿಂತು ನಿಂತು ಅಲ್ಲಿ ಕೂತ ಹುಡುಗಿಗೆ ಬೈಯೋದು. ವೈರ್‌ಲೆಸ್ ಡಬ್ಬಿ ಕೆಟ್ಟಿದೆ ಅಂತ ಒಂದು ಸಲ ಹೊಸದನ್ನೇ ಹಾಕಿಸಿದ್ದರು. ಅದೂ ಹಾಗೇ.

ವಿಚಿತ್ರ ಏನಂದ್ರೆ ನಾವು ಹೋಗಿ ಪರೀಕ್ಷೆ ಮಾಡಿದಾಗಲೆಲ್ಲ ಸರಿ ಇರ್ತಿತ್ತು. ಆ ಕಡೆ ಈ ಕಡೆ ಎಲ್ಲಾ ಯಂತ್ರಗಳಿಗೂ ಪಿಂಗ್ ಮಾಡಿದ್ವಿ, ಉತ್ತರ ಪಟಪಟ ಬಂತು. ಚಹಾ ಕುಡಿದು ಬರೋ ಹೊತ್ತಿಗೆ ಮತ್ತೆ ಸ್ಲೋ. ಸ್ವಿಚ್‌ನ ಲಾಗ್‌ನಲ್ಲಿ ಯಾವ ವಿಳಾಸವೂ ಜಿಗಿದಿಲ್ಲ. ಎಲ್ಲಾ ಶಾಂತ.

ಕಾಕಾ ಸಣ್ಣ ಕಟ್ಟಡದ ಖಾಲಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ವೈರ್‌ಶಾರ್ಕ್ ತೆರೆಯೋಕೆ ಹೇಳಿದರು. ಏನನ್ನೂ ಕಳಿಸಬೇಡ, ಸುಮ್ಮನೆ ಕೇಳು ಅಂದರು. ಇದು ಫ್ಲಡ್ಡಿಂಗ್ ಹಿಡಿಯೋ ಸರಳ ಉಪಾಯ. ನನಗೆ ಬರಬೇಕಾದ್ದು ನನ್ನ ಹೆಸರಿನ ಫ್ರೇಮ್‌ಗಳು, ಬ್ರಾಡ್‌ಕಾಸ್ಟ್, ಒಂದಿಷ್ಟು ಮಲ್ಟಿಕಾಸ್ಟ್, ಅಷ್ಟೇ. ಇನ್ನೊಬ್ಬರ ಹೆಸರಿನ ಪತ್ರಗಳು ನನ್ನ ಮನೆ ಬಾಗಿಲಿಗೆ ರಾಶಿ ಬೀಳ್ತಿದ್ದರೆ ಸ್ವಿಚ್‌ಗೆ ಅವರ ಮನೆ ಗೊತ್ತಿಲ್ಲ ಅಂತ ಅರ್ಥ. ಬಿತ್ತು ನೋಡಿ ರಾಶಿ: ಕ್ಯಾಮೆರಾಗಳ ವಿಡಿಯೋ, ಎಲ್ಲವೂ ಒಂದೇ ಮ್ಯಾಕ್ ವಿಳಾಸಕ್ಕೆ. ಒಂದು ಕ್ಯಾಮೆರಾ ಸುಮಾರು 4 ಎಂಬಿಪಿಎಸ್, 16 ಸೇರಿದರೆ 64. ದೊಡ್ಡ ಕಟ್ಟಡದೊಳಗೇ ಮುಗಿಯಬೇಕಾದ ಮಾತು ಪಾಪದ ವೈರ್‌ಲೆಸ್ ಡಬ್ಬಿಯನ್ನ ತುಳಿದುಕೊಂಡು ರಸ್ತೆ ದಾಟಿ ಬರ್ತಿತ್ತು.

ಆ ವಿಳಾಸ ರೆಕಾರ್ಡಿಂಗ್ ಕಂಪ್ಯೂಟರ್‌ದೇ. ಸ್ವಿಚ್‌ನ ಪಟ್ಟಿಯಲ್ಲಿ ಹುಡುಕಿದರೆ ಇಲ್ಲ. ಕಂಪ್ಯೂಟರ್ ಆನ್ ಇದೆ, ವಿಡಿಯೋ ರೆಕಾರ್ಡ್ ಆಗ್ತಿದೆ, ಹಾಗಿದ್ದೂ ಪಟ್ಟಿಯಲ್ಲಿ ಹೆಸರಿಲ್ಲ. ಇದು ಹೇಗೆ ಸಾಧ್ಯ?

ಹಿಂದೆ ಹೋಗಿ ನೋಡಿದಾಗ ಆ ಕಂಪ್ಯೂಟರ್‌ಗೆ ಎರಡು ಕೇಬಲ್. "ಸ್ಪೀಡ್ ಡಬಲ್ ಆಗ್ಲಿ ಅಂತ" ಯಾರೋ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಎರಡಕ್ಕೂ ಒಂದೇ ನೆಟ್‌ವರ್ಕಿನ ಎರಡು ಐಪಿ ಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಲಿನಕ್ಸ್. ಕ್ಯಾಮೆರಾಗಳು ಮೊದಲ ಕಾರ್ಡ್‌ನ ವಿಳಾಸಕ್ಕೆ ಕಳಿಸ್ತವೆ. ಲಿನಕ್ಸ್ ಉತ್ತರ ಕಳಿಸುವಾಗ ತನ್ನ ರೂಟಿಂಗ್ ಪಟ್ಟಿ ನೋಡಿ ಎರಡನೇ ಕಾರ್ಡ್‌ನಿಂದ ಕಳಿಸ್ತದೆ. ಅಂದ್ರೆ ಮೊದಲ ಕಾರ್ಡ್ ಬರೀ ಕಿವಿ, ಎರಡನೇದು ಬರೀ ಬಾಯಿ. ಸ್ವಿಚ್ ಕಲಿಯೋದು ಮಾತಾಡಿದವರಿಂದ ಮಾತ್ರ ಅಂತ ಮೊದಲೇ ಹೇಳಿದೆ. ಮಾತೇ ಆಡದ ವಿಳಾಸವನ್ನ ಅದು ಐದು ನಿಮಿಷಕ್ಕೆ ಮರೀತದೆ. ಆದರೆ ಕ್ಯಾಮೆರಾ ಮರೆಯೋದಿಲ್ಲ. ಉತ್ತರ ಸರಿಯಾಗಿ ಬರ್ತಿರೋದರಿಂದ "ನೀನು ಎಲ್ಲಿದ್ದೀಯಾ" ಅಂತ ಮತ್ತೆ ಕೇಳೋ ಗೊಡವೆಗೇ ಅದು ಹೋಗೋದಿಲ್ಲ, ಕಳಿಸ್ತಾನೇ ಇರ್ತದೆ. ಒಬ್ಬರಿಗೆ ನೆನಪಿದೆ, ನಡುವಿನವರಿಗೆ ಇಲ್ಲ. ಅಲ್ಲಿಗೆ ಡಂಗುರ.

ಪರೀಕ್ಷೆ ಮಾಡಿದಾಗ ಯಾಕೆ ಸರಿ ಇರ್ತಿತ್ತು ಅನ್ನೋದೂ ಈಗ ಬಿಡಿಸ್ತು. ನಾವು ಪಿಂಗ್ ಮಾಡಬೇಕಾದರೆ ಮೊದಲು ನಮ್ಮ ಲ್ಯಾಪ್‌ಟಾಪ್ ಎಆರ್‌ಪಿ ಕಳಿಸಿ "ಈ ಐಪಿ ಯಾರದ್ದು" ಅಂತ ಕೂಗ್ತದೆ. ಆಗ ಮೂಕ ಕಾರ್ಡ್ ಬಾಯಿ ತೆಗೆದು "ನನ್ನದು" ಅಂತದೆ. ಆ ಒಂದು ಮಾತಿಗೆ ಸ್ವಿಚ್ ಅದನ್ನ ಮತ್ತೆ ಪಟ್ಟಿಗೆ ಸೇರಿಸ್ಕೊಳ್ತದೆ, ಫ್ಲಡ್ಡಿಂಗ್ ನಿಲ್ತದೆ. ಐದು ನಿಮಿಷ! ನಾವು ಪರೀಕ್ಷೆ ಮಾಡ್ತಿದ್ದ ರೀತಿಯೇ ರೋಗವನ್ನ ಅಷ್ಟು ಹೊತ್ತು ಅಡಗಿಸಿಡ್ತಿತ್ತು. ಇದು ಹೊಳೆದಾಗ ನಾನು ಆ ಕಟ್ಟಡದ ಪಡಸಾಲೆಯಲ್ಲೇ ಕೂಗಿಬಿಟ್ಟೆ, ಸಾಲಿನಲ್ಲಿ ನಿಂತ ಅಜ್ಜ ಒಬ್ಬರು ತಿರುಗಿ ನೋಡಿದರು.

ಒಂದು ಕೇಬಲ್ ಕಿತ್ತಿಟ್ಟೆವು, ಅಷ್ಟೇ. ನಿಜವಾಗಲೂ ಎರಡು ಬೇಕಿದ್ದರೆ ಎರಡೂ ಕೇಬಲ್ ಸೇರಿ ಒಂದೇ ದಾರಿ ಅಂತ ಕಂಪ್ಯೂಟರ್‌ಗೂ ಸ್ವಿಚ್‌ಗೂ ಇಬ್ಬರಿಗೂ ಹೇಳಬೇಕು, ಎಲ್‌ಎಸಿಪಿ ಅನ್ನೋದು ಅದಕ್ಕೇ ಇರೋದು. ಕಂಪ್ಯೂಟರ್‌ಗೆ ಮಾತ್ರ ಹೇಳಿ ಸ್ವಿಚ್‌ಗೆ ಹೇಳದೆ ಬಿಟ್ಟರೆ ಒಂದೇ ವಿಳಾಸ ಎರಡು ಪೋರ್ಟ್‌ನಿಂದ ಸರದಿಯಲ್ಲಿ ಮಾತಾಡೋ ಪರಿಸ್ಥಿತಿ ಬರಬಹುದು, ಆಗ ಫ್ಲಡ್ಡಿಂಗ್ ಬದಲು ಜಿಗಿತ ಶುರು. ಅದೇ ಎರಡು ಕೇಬಲ್, ಬೇರೆ ರೋಗ.

ದೊಡ್ಡ ನೆಟ್‌ವರ್ಕ್‌ಗಳಲ್ಲಿ ಇದೇ ಕಥೆ ಎರಡು ರೂಟರ್‌ಗಳ ನಡುವೆ ನಡೀತದೆ. ಹೋಗೋ ದಾರಿ ಒಂದು ರೂಟರ್, ಬರೋ ದಾರಿ ಇನ್ನೊಂದು. ಸಿಸ್ಕೊ ರೂಟರ್ ಎಆರ್‌ಪಿ ಉತ್ತರವನ್ನ 4 ಗಂಟೆ ನೆನಪಿಡ್ತದೆ, ಸ್ವಿಚ್ 5 ನಿಮಿಷ. ನಡುವಿನ 3 ಗಂಟೆ 55 ನಿಮಿಷ ಫ್ಲಡ್ಡಿಂಗ್‌ಗೆ ಬಾಗಿಲು ತೆರೆದೇ ಇರ್ತದೆ. ಎರಡೂ ಲೆಕ್ಕವನ್ನ ಸರಿಹೊಂದಿಸೋದು ಅಲ್ಲಿಯ ಮದ್ದು. ಪಟ್ಟಿ ತುಂಬಿಹೋದರೂ ಹೊಸ ವಿಳಾಸಕ್ಕೆ ಜಾಗ ಇಲ್ಲದೆ ಫ್ಲಡ್ಡಿಂಗ್ ಆಗ್ತದೆ, ಬೇಕಂತಲೇ ಸುಳ್ಳು ವಿಳಾಸ ತುಂಬಿಸಿ ಹೀಗೆ ಮಾಡೋ ದಾಳಿಯೂ ಇದೆ. ಒಂದು ಪೋರ್ಟ್‌ಗೆ ಇಷ್ಟೇ ವಿಳಾಸ ಅಂತ ಮಿತಿ ಹಾಕಿದರೆ ಅದು ನಡೆಯೋದಿಲ್ಲ. ನಮ್ಮ ನಾಲ್ಕು ತಾಲ್ಲೂಕಿನ ತಿರುಗಾಟದಲ್ಲಿ ಅದು ನಮಗೆ ಸಿಗಲಿಲ್ಲ.

ಕರೆಂಟ್ ಹೋಗಿ ಬಂದಾಗ

ಸವಣೂರಿನ ದೊಡ್ಡಹುಣಸೆ ಮರಗಳನ್ನ ನೋಡಿ, ಖಾರಾ ಕಟ್ಟಿಸ್ಕೊಂಡು, ಆಮೇಲೆ ಕೆಲಸಕ್ಕೆ ಹೋದದ್ದು. ಅಲ್ಲಿಯ ದೂರು ನಮ್ಮ ಕಡೆಯವರಿಗೆಲ್ಲ ಅರ್ಥ ಆಗೋವಂಥದ್ದು: ಮಳೆಗಾಲದ ಸಂಜೆ ಮಾತ್ರ ನೆಟ್ ಹಾಳು. ಜನ ಹೇಳಿದ್ದು ಮೋಡ ಕವಿದರೆ ಇಂಟರ್ನೆಟ್ ಹಿಡಿಯಂಗಿಲ್ಲ ಅಂತ. ಫೈಬರ್‌ಗೂ ಮೋಡಕ್ಕೂ ಏನು ಸಂಬಂಧ?

ಸಂಬಂಧ ಕರೆಂಟಿನದು. ಸ್ವಿಚ್ ಯುಪಿಎಸ್ ಮೇಲಿತ್ತು, ಕಂಪ್ಯೂಟರ್‌ಗಳು ಇರಲಿಲ್ಲ. ಗಾಳಿ ಬಂದರೆ ಕರೆಂಟ್ ಒಂದು ಕ್ಷಣ ಹೋಗಿ ಬರ್ತದೆ, ಇಪ್ಪತ್ತೆರಡು ಪೋರ್ಟ್‌ಗಳು ಒಟ್ಟಿಗೆ ಬಿದ್ದು ಎದ್ದೇಳ್ತವೆ. ಹಳೆಯ ಸ್ಪ್ಯಾನಿಂಗ್ ಟ್ರೀ ಪ್ರಕಾರ ಒಂದು ಪೋರ್ಟ್ ಎದ್ದರೂ ಬಿದ್ದರೂ ಅದು "ದಾರಿ ಬದಲಾಗಿದೆ" ಅನ್ನೋ ಸುದ್ದಿ. ಸುದ್ದಿ ಸಿಕ್ಕ ಸ್ವಿಚ್‌ಗಳೆಲ್ಲ ಹಳೆಯ ಪಟ್ಟಿ ಸುಳ್ಳಿರಬಹುದು ಅಂತ 300 ಸೆಕೆಂಡ್ ನೆನಪನ್ನ 15ಕ್ಕೆ ಇಳಿಸ್ಕೊಳ್ತವೆ. ಹೊಸ ರ‍್ಯಾಪಿಡ್ ವಿಧಾನದಲ್ಲಂತೂ ಪಟ್ಟಿಯನ್ನ ಆಗಿಂದಾಗಲೇ ಒರೆಸ್ತವೆ. ಒಂದು ಕಂಪ್ಯೂಟರ್ ರೀಸ್ಟಾರ್ಟ್ ಆದದ್ದಕ್ಕೆ ಇಡೀ ಕಟ್ಟಡದ ಸ್ವಿಚ್‌ಗಳಿಗೆ ಮರೆವು! ಮರೆತ ಮೇಲೆ ಮಾಡೋದೇನು ಅಂತ ನಿಮಗೀಗ ಗೊತ್ತು.

"ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್" ಕೊಟ್ಟರೆ ದಾರಿ ಎಷ್ಟು ಸಲ ಬದಲಾಯ್ತು, ಕಡೆಯದು ಎಷ್ಟು ಹೊತ್ತಿನ ಹಿಂದೆ, ಯಾವ ಪೋರ್ಟ್‌ನಿಂದ ಅಂತ ಅದೇ ಹೇಳ್ತದೆ. ಬಹಳ ಜನ ಈ ಸಾಲನ್ನ ಓದೋದೇ ಇಲ್ಲ. ಅಲ್ಲಿ ಎಣಿಕೆ ನಾಲ್ಕಂಕಿ ದಾಟಿತ್ತು. ಇಪ್ಪತ್ತೆರಡು ಪೋರ್ಟ್‌ಗೂ ಎಡ್ಜ್ ಪೋರ್ಟ್ ಗುರುತು ಹಾಕಿದೆವು. ಎಡ್ಜ್ ಪೋರ್ಟ್ ಬಿದ್ದರೂ ಎದ್ದರೂ ಸುದ್ದಿ ಹೊರಡೋದಿಲ್ಲ, ಯಾಕಂದ್ರೆ ಅದರ ಆಚೆ ದಾರಿಯೇ ಇಲ್ಲ, ಬರೀ ಮನೆ. ಜೊತೆಗೆ ಬಿಪಿಡಿಯು ಗಾರ್ಡ್ ಕೂಡ ಹಾಕಬೇಕು. ನಾಳೆ ಯಾರಾದರೂ ಅದೇ ತೂತಿಗೆ ಸ್ಪ್ಯಾನಿಂಗ್ ಟ್ರೀ ಬಲ್ಲ ಇನ್ನೊಂದು ಸ್ವಿಚ್ ಸಿಕ್ಕಿಸಿದರೆ ಪೋರ್ಟ್ ಮುಚ್ಚಿಕೊಳ್ಳಲಿ ಅಂತ. ಇನ್ನೊಂದು ಸ್ವಿಚ್‌ಗೆ ಹೋಗೋ ಪೋರ್ಟ್‌ಗೆ ಮಾತ್ರ ಈ ಗುರುತು ಹಾಕಲೇಬಾರದು, ಹಾಕಿದರೆ ಹಾನಗಲ್ ಲ್ಯಾಬಿನ ಸುತ್ತನ್ನ ನಾವೇ ಕರೆದ ಹಾಗೆ.

ಎಣಿಕೆಯನ್ನ ಸೊನ್ನೆ ಮಾಡೋಕೆ ಸ್ವಿಚ್ ರೀಸ್ಟಾರ್ಟ್ ಮಾಡಿ ಬಂದೆವು. ಎದ್ದೇಳುವಾಗ ತನ್ನ ಸ್ವಂತ ಕೊಂಡಿಗಳಿಂದಾಗಿ ಅದು 3 ತೋರಿಸ್ತಿತ್ತು. ಮರುದಿನ ಸಂಜೆ ಜೋರು ಗಾಳಿ ಮಳೆ, ಕರೆಂಟ್ ನಾಲ್ಕು ಸಲ ಹೋಗಿ ಬಂತಂತೆ. ಕಾಕಾ ಫೋನ್ ಮಾಡಿ ಆ ಸಾಲು ಓದಿಸಿದರು. 3.